ಸಂಜೆ ಗೂಡು ಬಿಡಿಸಿದ, ಮಧ್ಯರಾತ್ರಿ ಉಬ್ಬಸ ಬಂತು. ನಡುವಿನ ಆರು ಗಂಟೆ ಎದೆಯೊಳಗೆ ಏನಾಗುತ್ತದೆ?

ಹಿಪ್ಪುನೇರಳೆ_ಶಿಡ್ಲಘಟ್ಟ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾವು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವರು. ಎರಡು ಎಕರೆ ಹಿಪ್ಪುನೇರಳೆ, ಮನೆಗೆ ಅಂಟಿಕೊಂಡೇ ರೇಷ್ಮೆ ಹುಳುಮನೆ. ಮಗನಿಗೆ 9 ವರ್ಷ.

ಹೋದ ವಾರ ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಯಿಂದ, ಗೂಡು ಬಿಡಿಸುವಾಗ ಅವನೂ ಬಂದು ಕೂತ. ಬೇಡ ಅಂದರೂ ಕೇಳಲಿಲ್ಲ. ಅಜ್ಜಿ ಜೊತೆ ಗೂಡು ಬಿಡಿಸುವುದು ಅಂದರೆ ಅವನಿಗೆ ಆಟ. ಗೂಡಿನ ಮೇಲಿನ ನವಿರು ಎಳೆ ಬೆವರಿದ ಕೈಗೆಲ್ಲ ಅಂಟಿಕೊಂಡಿತ್ತು. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡ. ಹತ್ತು ನಿಮಿಷ ಆಗಿರಬಹುದು, ಒಂದೇ ಸಮನೆ ಸೀನು. ಮೂಗು ಸೋರಿತು, ಕಣ್ಣು ಕೆಂಪಾಯಿತು, ಎದೆಯಲ್ಲಿ ಸಣ್ಣಗೆ ಗುಯ್ ಅನ್ನುವ ಸದ್ದು. ಎಬ್ಬಿಸಿಕೊಂಡು ಹೋಗಿ ಕೈಕಾಲು ಮುಖ ತೊಳೆಸಿ, ಡಾಕ್ಟರ್ ಮೊದಲೇ ಕೊಟ್ಟಿದ್ದ, ಬಾಯಿಂದ ಎಳೆದುಕೊಳ್ಳುವ ನೀಲಿ ಪಂಪು ಕೊಟ್ಟೆ. ಏಳು ಗಂಟೆಗೆಲ್ಲ ಚೆನ್ನಾಗಿದ್ದ. ಮುದ್ದೆ, ಬಸ್ಸಾರು ಉಂಡು ಮಲಗಿದ.

ಹನ್ನೆರಡೂವರೆಗೆ ಎದ್ದು ಕೂತುಬಿಟ್ಟ. ಎರಡು ಕೈ ಮಂಚದ ಮೇಲೆ ಊರಿಕೊಂಡು ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದ. ಪಕ್ಕೆ ಒಳಗೆ ಸೆಳೆಯುತ್ತಿತ್ತು. "ಅಮ್ಮಾ" ಅನ್ನುವುದಕ್ಕೂ ಅರ್ಧ ಉಸಿರು ಸಾಲುತ್ತಿರಲಿಲ್ಲ. ಪಂಪು ಕೊಟ್ಟರೂ ಈ ಸಲ ಅಷ್ಟಾಗಿ ಕೇಳಲಿಲ್ಲ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಎರಡು ಸಲ ನೆಬ್ಯುಲೈಜರ್ ಹಾಕಿದ ಮೇಲೆ ಸುಧಾರಿಸಿಕೊಂಡ.

ಈಗ ರಕ್ತ ಪರೀಕ್ಷೆಯಲ್ಲಿ ಈಸಿನೊಫಿಲ್ 9%, ಐಜಿಇ 840 ಅಂತ ಬಂದಿದೆ. ದಿನಾ ಬೆಳಗ್ಗೆ ಸಂಜೆ ಕಂದು ಪಂಪು ತೆಗೆದುಕೊಳ್ಳಬೇಕಂತೆ. ಅತ್ತೆ ಹೇಳುತ್ತಾರೆ, "ಮಗು ಚೆನ್ನಾಗಿ ಓಡಾಡ್ಕೊಂಡಿದೆ, ಸುಮ್ನೆ ಯಾಕೆ ಔಷಧಿ". ನನಗೂ ಉತ್ತರ ಗೊತ್ತಿಲ್ಲ. ಔಷಧಿ ಬೇಕೋ ಬೇಡವೋ ಅನ್ನುವುದನ್ನು ಡಾಕ್ಟರ್ ಹತ್ತಿರ ಕೇಳುತ್ತೇನೆ. ನಾನು ಇಲ್ಲಿ ಕೇಳುತ್ತಿರುವುದು ಬೇರೆ. ಎಳೆ ಸಂಜೆ ಆರಕ್ಕೇ ಕೈಯಿಂದ ಹೋಯಿತು. ಏಳಕ್ಕೆ ಮಗು ಸರಿಹೋಯಿತು. ಹಾಗಾದರೆ ಮಧ್ಯರಾತ್ರಿ ಬಂದಿದ್ದು ಎಲ್ಲಿಂದ? ಯಾರಾದರೂ ಬಿಡಿಸಿ ಹೇಳುತ್ತೀರಾ?

ಅವರೆ_ಸೊಗಡು_ಶ್ರೀನಿವಾಸಪುರ · ಭಾನುವಾರ, ರಾತ್ರಿ 10:05

ಅಕ್ಕಾ, ಓದಿ ಕಣ್ಣಲ್ಲಿ ನೀರು ಬಂತು. ನನಗೂ ಚಿಕ್ಕಂದಿನಿಂದ ಗೂರಲು. ಮಾವು ಹೂ ಬಿಡುವ ಕಾಲಕ್ಕೆ ಸರಿಯಾಗಿ ಶುರುವಾಗುತ್ತದೆ, ರಾಗಿ ಒಕ್ಕಣೆಯ ಕಣಕ್ಕಂತೂ ಕಾಲೇ ಇಡುವುದಿಲ್ಲ. ಈ "ಎರಡನೇ ಸಲ" ಬರುವುದು ನನಗೂ ಗೊತ್ತು. ಮೊದಲನೆಯದಕ್ಕಿಂತ ಅದೇ ಜೋರು, ಅದೇ ಜಾಸ್ತಿ ಹೊತ್ತು ಇರುತ್ತದೆ. ಯಾಕೆ ಅಂತ ಇವತ್ತಿನವರೆಗೂ ಯಾರೂ ಹೇಳಿಲ್ಲ.

ಲ್ಯಾಬ್_ತುಮಕೂರು · ಭಾನುವಾರ, ರಾತ್ರಿ 11:20

ಅಕ್ಕಾ, ನಾನು ತುಮಕೂರಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಇಪ್ಪತ್ತೆರಡು ವರ್ಷದಿಂದ ಮೈಕ್ರೋಸ್ಕೋಪ್ ಮುಂದೆ ಕೂತಿದ್ದೇನೆ. ನಾನು ಡಾಕ್ಟರ್ ಅಲ್ಲ, ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಕಣಗಳನ್ನು ದಿನಾ ನೋಡುತ್ತೇನೆ. ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಸಂಜೆ ಬಂದಿದ್ದು ಒಂದು ಜೀವಕಣದ ಕೆಲಸ, ಮಧ್ಯರಾತ್ರಿ ಬಂದಿದ್ದು ಇನ್ನೊಂದರ ಕೆಲಸ. ನಡುವಿನ ಆರು ಗಂಟೆ ಮೊದಲನೆಯದು ಎರಡನೆಯದನ್ನು ಕರೆಸಿಕೊಳ್ಳುತ್ತಿತ್ತು. ಮಗು ನಿದ್ದೆ ಮಾಡುತ್ತಿದ್ದಾಗ ಒಳಗೆ ಕೆಲಸ ನಿಂತಿರಲಿಲ್ಲ.

ಮೊದಲನೆಯ ಕಣದ ಹೆಸರು ಮಾಸ್ಟ್ ಕಣ. ಮೂಗು, ಕಣ್ಣು, ಶ್ವಾಸನಾಳದ ಒಳಪದರದ ಕೆಳಗೆ ಮೊದಲೇ ಠಿಕಾಣಿ ಹೂಡಿರುತ್ತದೆ. ಅದರ ಹೊಟ್ಟೆ ತುಂಬ ಸಣ್ಣ ಸಣ್ಣ ಕಾಳಿನಂಥ ಚೀಲಗಳು, ಒಳಗೆ ಸೀನು, ತುರಿಕೆ ಎಬ್ಬಿಸುವ ಹಿಸ್ಟಮಿನ್. ಮೈಮೇಲೆ ಐಜಿಇ ಅನ್ನುವ ಪ್ರತಿಕಾಯಗಳನ್ನು ಚುಚ್ಚಿಕೊಂಡು ನಿಂತಿರುತ್ತದೆ. ನಿಮ್ಮ ರಿಪೋರ್ಟಿನ ಐಜಿಇ ಅದೇ. ಒಂದೊಂದು ಐಜಿಇಯೂ ಒಂದೊಂದು ವಸ್ತುವಿಗೆ ಅಂತಲೇ ತಯಾರಾದದ್ದು. ನಿಮ್ಮ ಮಗನ ಮೈಯಲ್ಲಿ ರೇಷ್ಮೆಗೂಡಿನ ಅಥವಾ ಹುಳುವಿನ ಪ್ರೋಟೀನಿಗೆ ತಯಾರಾದ ಐಜಿಇ ಇರಬಹುದು. ಆ ಪ್ರೋಟೀನಿನ ಒಂದು ಚೂರು ಬಂದು ಪಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದರೆ ಮುಗಿಯಿತು. ಒಂದಕ್ಕೆ ತಗುಲಿದರೆ ಏನೂ ಆಗುವುದಿಲ್ಲ, ಎರಡು ಜೋಡಿಯಾಗಬೇಕು. ಜೋಡಿಯಾದ ತಕ್ಷಣ ಕಣದ ಒಳಗೆ ಲಿನ್, ಸಿಕ್ ಅನ್ನುವ ಕಿಣ್ವಗಳು ಒಂದಾದಮೇಲೊಂದು ಎಚ್ಚರಗೊಳ್ಳುತ್ತವೆ, ಒಳಗೆ ಕ್ಯಾಲ್ಸಿಯಂ ಏರುತ್ತದೆ, ಚೀಲಗಳೆಲ್ಲ ಹೊರಗೆ ಬಿಚ್ಚಿಕೊಳ್ಳುತ್ತವೆ. ಇಷ್ಟಕ್ಕೆಲ್ಲ ಬೇಕಾಗುವುದು ಕೆಲವೇ ನಿಮಿಷ. ಸೀನು, ಕಣ್ಣುರಿ, ಮೂಗು ಸೋರಿದ್ದು, ಎದೆಯ ಸಣ್ಣ ಸದ್ದು ಎಲ್ಲ ಇದರದ್ದೇ. ನೀಲಿ ಪಂಪು ಯಾಕೆ ಬೇಗ ಕೇಳಿತು? ಅದರೊಳಗಿನ ಔಷಧಿ ಸಾಲ್ಬುಟಮಾಲ್ ಶ್ವಾಸನಾಳ ಸುತ್ತಿರುವ ಸ್ನಾಯುವನ್ನು ಸಡಿಲಿಸುತ್ತದೆ. ಆಗ ಅಲ್ಲಿ ಇದ್ದ ತೊಂದರೆ ಹೆಚ್ಚಾಗಿ ಸ್ನಾಯುವಿನ ಬಿಗಿತವೇ.

ಆದರೆ ಮಾಸ್ಟ್ ಕಣ ಚೀಲ ಬಿಚ್ಚಿ ಸುಮ್ಮನಾಗುವುದಿಲ್ಲ. ಆಮೇಲೆ ಹೊಸದಾಗಿ ಲ್ಯೂಕೋಟ್ರೈನ್, ಪ್ರೋಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕಗಳನ್ನು ತಯಾರಿಸುತ್ತದೆ. ಇನ್ನೂ ನಿಧಾನವಾಗಿ, ಗಂಟೆಗಟ್ಟಲೆ, ಸೈಟೊಕೈನ್ ಅನ್ನುವ ಸಂದೇಶದ ಪ್ರೋಟೀನುಗಳನ್ನು ಬಿಡುತ್ತದೆ. ಇವೆಲ್ಲ ಓಲೆ ಇದ್ದ ಹಾಗೆ. ರಕ್ತದಲ್ಲಿ ಹೋಗುತ್ತಿರುವ ಬಿಳಿ ರಕ್ತಕಣಗಳಿಗೆ "ಇಲ್ಲಿ ಇಳಿಯಿರಿ" ಅಂತ ಹೇಳುತ್ತವೆ. ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ, ಕಣಗಳು ಅದಕ್ಕೆ ಅಂಟಿ, ಉರುಳಿ, ಗೋಡೆ ದಾಟಿ ಶ್ವಾಸನಾಳಕ್ಕೆ ಬರುತ್ತವೆ. ಇದಕ್ಕೆ ನಾಲ್ಕರಿಂದ ಎಂಟು ಗಂಟೆ ಹಿಡಿಯುತ್ತದೆ. ನಿಮ್ಮ ಮಗನಿಗೆ ಆರು ಗಂಟೆ ಹಿಡಿದಿದೆ.

ಹಾಗೆ ಬಂದವರಲ್ಲಿ ಮುಖ್ಯರು ಈಸಿನೊಫಿಲ್‌ಗಳು. ನಾಳೆ ಇವುಗಳ ಬಗ್ಗೆ ಬರೆಯುತ್ತೇನೆ, ಬೆಳಗ್ಗೆ ಡ್ಯೂಟಿ ಇದೆ. ಒಂದು ಮಾತು ಮಾತ್ರ ಈಗಲೇ: ಪಕ್ಕೆ ಸೆಳೆದರೆ, ಮಾತಾಡಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ ಒಂದು ನಿಮಿಷವೂ ಕಾಯಬೇಡಿ. ನೀವು ಆ ರಾತ್ರಿ ಮಾಡಿದ್ದು ಸರಿ.

ಮಾಲೂರು_ಮೇಷ್ಟ್ರು · ಸೋಮವಾರ, ಬೆಳಗ್ಗೆ 6:15

ತಾಯಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿದವನು ನಾನು. ಒಂದು ಚೂರು ಹಿಂದಿನ ಕಥೆ ಸೇರಿಸುತ್ತೇನೆ.

"ಮಾಸ್ಟ್" ಅನ್ನುವ ಹೆಸರು ಕೊಟ್ಟವರು ಜರ್ಮನಿಯ ಪಾಲ್ ಎರ್ಲಿಖ್, 1878ರಲ್ಲಿ, ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ. ಹೊಟ್ಟೆತುಂಬ ಕಾಳು ಇರುವುದನ್ನು ನೋಡಿ, ಇದು ಚೆನ್ನಾಗಿ ಮೇಯಿಸಿದ ಕಣ ಇರಬೇಕು ಅಂದುಕೊಂಡರು. ಮರುವರ್ಷ ಈಸಿನ್ ಬಣ್ಣ ಹೀರುವ ಕಣ ಕಂಡು ಅದಕ್ಕೆ ಈಸಿನೊಫಿಲ್ ಅಂದರು. ಎರಡು ಕಣವನ್ನೂ ಕಂಡವರು ಒಬ್ಬರೇ. ಅವು ಹೀಗೆ ಮಾತಾಡಿಕೊಳ್ಳುತ್ತವೆ ಅಂತ ಗೊತ್ತಾಗಲು ಮಾತ್ರ ನೂರು ವರ್ಷ ಹಿಡಿಯಿತು.

"ಅಲರ್ಜಿ" ಅನ್ನುವ ಪದ 1906ರದ್ದು, ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಕೊಟ್ಟದ್ದು. 1921ರಲ್ಲಿ ಇನ್ನೂ ಸೊಗಸಾದ ಪ್ರಯೋಗ ನಡೆಯಿತು. ಜರ್ಮನಿಯ ಇಬ್ಬರು ವೈದ್ಯರು, ಕ್ಯೂಸ್ಟ್ನರ್ ಮತ್ತು ಪ್ರೌಸ್ನಿಟ್ಸ್. ಕ್ಯೂಸ್ಟ್ನರ್ ಅವರಿಗೆ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು ಪ್ರೌಸ್ನಿಟ್ಸ್ ತಮ್ಮ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದರೆ ದದ್ದು ಎದ್ದಿತು! ರಕ್ತದಲ್ಲಿ ಏನೋ ಒಂದು ವಸ್ತು ಅಲರ್ಜಿಯನ್ನು ಹೊತ್ತು ಸಾಗುತ್ತದೆ ಅಂತ ತಿಳಿಯಿತು. ಆ "ಏನೋ ಒಂದು" ಐಜಿಇ ಅಂತ ತೋರಿಸಿಕೊಟ್ಟವರು ಇಶಿಜಾಕಾ ದಂಪತಿ, 1966ರಲ್ಲಿ. ಸ್ವೀಡನ್ನಿನ ಯೋಹಾನ್ಸನ್, ಬೆನ್ನಿಖ್ ಕೂಡ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ನಾನು ಹುಟ್ಟಿದಾಗ ಈ ಹೆಸರೇ ಇರಲಿಲ್ಲ. ಈಗ ಶಿಡ್ಲಘಟ್ಟದ ಮಗುವಿನ ರಿಪೋರ್ಟಿನಲ್ಲಿ 840 ಅಂತ ಅಚ್ಚಾಗಿ ಬರುತ್ತದೆ. ಇದು ನನಗೆ ದೊಡ್ಡ ವಿಷಯ ಅನ್ನಿಸುತ್ತದೆ.

ಒಂದು ಎಚ್ಚರಿಕೆ. ಐಜಿಇ ಜಾಸ್ತಿ ಅಂದಮಾತ್ರಕ್ಕೆ ಅಲರ್ಜಿ ಅಂತ ಹೇಳಲಾಗದು. ಜಂತುಹುಳು ಇದ್ದರೂ ಐಜಿಇ, ಈಸಿನೊಫಿಲ್ ಎರಡೂ ಏರುತ್ತವೆ. ಅಸಲಿಗೆ ಈ ಸೇನೆ ಇರುವುದೇ ಹುಳುಗಳ ಮೇಲೆ ಯುದ್ಧಕ್ಕೆ ಅಂತ ಬಹಳ ವಿಜ್ಞಾನಿಗಳ ಅಭಿಪ್ರಾಯ. ಮಗು ತೋಟದಲ್ಲಿ ಬರಿಗಾಲಲ್ಲಿ ಓಡಾಡುತ್ತದಾ? ಡಾಕ್ಟರಿಗೆ ಅದನ್ನೂ ಹೇಳಿ.

ಹಿಪ್ಪುನೇರಳೆ_ಶಿಡ್ಲಘಟ್ಟ · ಸೋಮವಾರ, ಬೆಳಗ್ಗೆ 8:30

ಮೇಷ್ಟ್ರೇ, ಶಾಲೆಯಲ್ಲಿ ಜಂತುಹುಳು ಮಾತ್ರೆ ಕೊಡುತ್ತಾರೆ, ಈ ಸಲ ಅವನು ರಜೆ ಹಾಕಿದ್ದ. ಡಾಕ್ಟರಿಗೆ ಹೇಳುತ್ತೇನೆ. ಲ್ಯಾಬ್ ಅಣ್ಣಾ, ನಿಮ್ಮದು ಎರಡು ಸಲ ಓದಿದೆ. ಒಂದು ಅನುಮಾನ. ನಮ್ಮನೆಯಲ್ಲಿ ಎಲ್ಲರೂ ಗೂಡು ಬಿಡಿಸುತ್ತೇವೆ. ನಮ್ಮತ್ತೆ ನಲವತ್ತು ವರ್ಷದಿಂದ ಹುಳು ಸಾಕಿದ್ದಾರೆ. ಯಾರಿಗೂ ಇಲ್ಲ. ಇವನ ಮೈಯಲ್ಲಿ ಮಾತ್ರ ಆ ಐಜಿಇ ತಯಾರಾಗಿದ್ದು ಹೇಗೆ?

ಚಿಂತಾಮಣಿ_ಎಂಎಸ್ಸಿ · ಸೋಮವಾರ, ಮಧ್ಯಾಹ್ನ 1:10

ಅಕ್ಕಾ, ನಾನು ಇಮ್ಯುನಾಲಜಿ ಓದುತ್ತಿದ್ದೇನೆ, ಈ ಪ್ರಶ್ನೆ ನನಗೆ ಬಿಡಿ. ಪರೀಕ್ಷೆಗೆ ಬರೆಯುವ ಹಾಗೆ ಬರೆಯುವುದಿಲ್ಲ, ನಮ್ಮಮ್ಮನಿಗೆ ಹೇಳಿದ ಹಾಗೆ ಹೇಳುತ್ತೇನೆ.

ಐಜಿಇ ಒಂದೇ ದಿನದಲ್ಲಿ ಆಗುವುದಲ್ಲ. ಅದರ ಹಿಂದೆ ಒಂದು ತಪ್ಪು ತೀರ್ಪು ಇದೆ. ಆ ತೀರ್ಪು ಹೇಗೆ ಬರುತ್ತದೆ ಅನ್ನುವುದನ್ನು ನಾನು ಓದಿದಾಗ ಎರಡು ದಿನ ತಲೆಯಿಂದ ಹೋಗಲಿಲ್ಲ.

ಶ್ವಾಸನಾಳದ ಒಳಪದರ ಇಟ್ಟಿಗೆ ಗೋಡೆ ಥರ. ಇಟ್ಟಿಗೆ ನಡುವೆ ಗಾರೆ ಇರುವ ಹಾಗೆ ಕಣಗಳ ನಡುವೆ ಬಿಗಿಯಾದ ಜೋಡಣೆ ಇದೆ. ಹಾಸಿಗೆ, ದಿಂಬಿನ ಧೂಳಿನಲ್ಲಿ ಬದುಕುವ, ಕಣ್ಣಿಗೆ ಕಾಣದ ಧೂಳುಹುಳದ ಹಿಕ್ಕೆಯಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವ ಇರುತ್ತದೆ, ಅದು ಈ ಗಾರೆಯನ್ನೇ ಕೊರೆಯುತ್ತದೆ. ಸೌದೆ ಹೊಗೆ, ನೆಗಡಿ ವೈರಸ್ ಕೂಡ ಗೋಡೆಯನ್ನು ನೋಯಿಸುತ್ತವೆ. ನೊಂದ ಗೋಡೆ ಕೂಗು ಹಾಕುತ್ತದೆ. ಆ ಕೂಗಿಗೆ ಮೂರು ಹೆಸರು: ಟಿಎಸ್‌ಎಲ್‌ಪಿ, ಐಎಲ್-33, ಐಎಲ್-25. ಇವು ಗೋಡೆಯ ಕಣಗಳಿಂದಲೇ ಬರುವ ಅಪಾಯದ ಸಂದೇಶಗಳು.

ಗೋಡೆಯ ಕೆಳಗೆ ಡೆಂಡ್ರೈಟಿಕ್ ಕಣ ಇರುತ್ತದೆ, ಕೈಕಾಲು ಚಾಚಿಕೊಂಡು. ಒಳಗೆ ಬಂದದ್ದನ್ನು ಚೂರು ಮಾಡಿ, ಹತ್ತಿರದ ದುಗ್ಧಗ್ರಂಥಿಗೆ ಹೊತ್ತುಕೊಂಡು ಹೋಗಿ, ಮೈಯನ್ನು ಕಾಯುವ ಬಿಳಿ ರಕ್ತಕಣವಾದ ಟಿ ಕಣಕ್ಕೆ ತೋರಿಸುತ್ತದೆ. ತೋರಿಸುವುದು ಮಾಮೂಲು ಕೆಲಸ, ನಮ್ಮೆಲ್ಲರ ಮೈಯಲ್ಲೂ ದಿನಾ ನಡೆಯುತ್ತದೆ. ಮುಖ್ಯ ಏನೆಂದರೆ, ಯಾವ ದನಿಯಲ್ಲಿ ತೋರಿಸುತ್ತದೆ ಅನ್ನುವುದು. ಗೋಡೆ ಕೂಗದೆ ಇದ್ದರೆ "ಇದು ನಮ್ಮ ಮನೆಯ ಧೂಳು, ಬಿಡು" ಅನ್ನುವ ರೀತಿ. ಗೋಡೆ ಕೂಗಿದ್ದರೆ "ಶತ್ರು ಬಂದಿದೆ". ಟಿ ಕಣ ಹೋಗಿ ನೋಡಿ ಬರುವುದಿಲ್ಲ, ಹೇಳಿದ್ದನ್ನು ನಂಬುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ನಂಬಿ ಟಿಎಚ್2 ಅನ್ನುವ ರೂಪ ತಾಳುತ್ತದೆ.

ಟಿಎಚ್2 ಬಿಡುವ ಸಂದೇಶಗಳೇ ಈ ಕಾಯಿಲೆಯ ತಿರುಳು. ಐಎಲ್-4 ಹೋಗಿ ಪ್ರತಿಕಾಯ ತಯಾರಿಸುವ ಬಿ ಕಣಕ್ಕೆ "ಬೇರೆ ಪ್ರತಿಕಾಯ ನಿಲ್ಲಿಸು, ಐಜಿಇ ಮಾಡು" ಅನ್ನುತ್ತದೆ. ಐಎಲ್-5 ಮೂಳೆಮಜ್ಜೆಯವರೆಗೂ ಹೋಗಿ ಈಸಿನೊಫಿಲ್ ಜಾಸ್ತಿ ಹುಟ್ಟಿಸುತ್ತದೆ. ಐಎಲ್-13 ಶ್ವಾಸನಾಳದಲ್ಲಿ ಕಫ ಸುರಿಸುವ ಕಣಗಳನ್ನು ಹೆಚ್ಚಿಸುತ್ತದೆ, ಸ್ನಾಯುವನ್ನು ಮುಟ್ಟಿದರೆ ಮುನಿ ಥರ ಮಾಡುತ್ತದೆ. ಆಮೇಲೆ ತಣ್ಣೀರು, ಅಗರಬತ್ತಿ, ಓಟ, ನಗು ಏನಾದರೂ ಸಾಕು, ನಾಳ ಬಿಗಿಯುತ್ತದೆ. ಈ ಟಿ ಕಣಗಳಲ್ಲಿ ಎರಡು ಬಗೆ, ಒಂದೊಂದರದ್ದು ಒಂದೊಂದು ಸಂದೇಶ ಅಂತ ಇಲಿಗಳಲ್ಲಿ ಮೊದಲು ತೋರಿಸಿದ್ದು ಮೋಸ್‌ಮನ್ ಮತ್ತು ಕಾಫ್‌ಮನ್, 1986ರಲ್ಲಿ.

2010ರ ಸುಮಾರಿಗೆ ಇನ್ನೊಂದು ಕಣ ಸಿಕ್ಕಿತು, ಐಎಲ್‌ಸಿ2. ಇದು ಡೆಂಡ್ರೈಟಿಕ್ ಕಣದ ವರದಿಗೂ ಕಾಯುವುದಿಲ್ಲ. ಗೋಡೆ ಕೂಗಿದ ಕೂಡಲೇ ತಾನೇ ಐಎಲ್-5, ಐಎಲ್-13 ಸುರಿಯುತ್ತದೆ. ಬರೀ ನೆಗಡಿಗೆ ಉಬ್ಬಸ ಏಳುವುದರಲ್ಲಿ ಇದರ ಕೈ ಇದೆ.

ನಿಮ್ಮತ್ತೆಗೆ ಯಾಕೆ ಬರಲಿಲ್ಲ? ಅವರ ಮೈಯಲ್ಲಿ ತಡೆಯುವ ಕಣಗಳು, ಟಿ-ರೆಗ್ ಅಂತ, ಆ ಪ್ರೋಟೀನನ್ನು "ನಮ್ಮದು" ಅಂತ ಒಪ್ಪಿಸಿರಬಹುದು. ಈ ಕಣಗಳನ್ನು 1995ರಲ್ಲಿ ಗುರುತಿಸಿದ ಸಕಾಗುಚಿ ಅವರಿಗೆ, ಬ್ರಂಕೋ ಮತ್ತು ರಾಮ್ಸ್‌ಡೆಲ್ ಜೊತೆಗೆ, 2025ರ ನೊಬೆಲ್ ಬಂತು. ಯಾವ ಮಗುವಿನಲ್ಲಿ ತೀರ್ಪು ಯಾವ ಕಡೆ ಹೋಗುತ್ತದೆ ಅನ್ನುವುದರಲ್ಲಿ ವಂಶದ ಪಾಲೂ ಇದೆ, ಎಳವೆಯ ಸೋಂಕು, ಹೊಗೆಗಳ ಪಾಲೂ ಇದೆ. ನಿಮ್ಮ ತಪ್ಪು ಯಾವುದೂ ಇಲ್ಲ ಅಕ್ಕಾ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ.

ಗುಡಿಬಂಡೆ_ಲಾರಿ · ಸೋಮವಾರ, ಸಂಜೆ 4:50

ನಾನು ಕ್ರಷರ್‌ನಿಂದ ಜಲ್ಲಿ ಹೊಡೆಯುತ್ತೇನೆ. ನನಗೂ ಕೆಮ್ಮು, ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು. ಇದೂ ಇದೇ ಅಲರ್ಜಿನಾ?

ಲ್ಯಾಬ್_ತುಮಕೂರು · ಸೋಮವಾರ, ರಾತ್ರಿ 9:15

ಅಣ್ಣಾ, ಕಲ್ಲುಧೂಳಿನದ್ದು ಬೇರೆ ದಾರಿ. ಅದರಲ್ಲಿ ಐಜಿಇ ಇಲ್ಲ. ಸಿಲಿಕಾ ಚೂರನ್ನು ನುಂಗಿದ ಕಣಗಳು ಅರಗಿಸಲಾಗದೆ ಸಾಯುತ್ತವೆ, ಆ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಅದು ವಾಪಸ್ ಮೆತ್ತಗಾಗುವುದಿಲ್ಲ. ಹಾಗಾಗಿ ತಡ ಮಾಡದೆ ಎದೆ ಎಕ್ಸ್‌ರೇ ಮಾಡಿಸಿ, ಯಾವ ಕೆಲಸ ಮಾಡುತ್ತೀರಿ ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ.

ಈಗ ಈಸಿನೊಫಿಲ್. ಚಿಂತಾಮಣಿ ತಂಗಿ ಎಷ್ಟು ಚೆನ್ನಾಗಿ ಹೇಳಿದ್ದಾರೆ! ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿ ಮೇಲೆ ತೆಳ್ಳಗೆ ಎಳೆದು ಲೀಶ್ಮನ್ ಬಣ್ಣ ಹಾಕಿದರೆ, ಎಲ್ಲ ಬಿಳಿ ಕಣಗಳೂ ನೇರಳೆ ಮಸುಕಿನಲ್ಲಿ ಕಾಣುತ್ತವೆ. ನಡುವೆ ಈಸಿನೊಫಿಲ್ ಮಾತ್ರ ಕಿತ್ತಳೆಗೆಂಪು. ಒಳಗಿನ ಬೀಜ ಎರಡು ಹೋಳು, ಕನ್ನಡಕದ ಹಾಗೆ. ಸುತ್ತ ಕೆಂಪು ಕಾಳುಗಳು ಒತ್ತೊತ್ತಾಗಿ, ದಾಳಿಂಬೆ ಬಿಡಿಸಿದ ಹಾಗೆ. ನೋಡಲು ಬಹಳ ಚಂದ. ಆದರೆ ಆ ಕಾಳಿನೊಳಗೆ ಜಂತುಹುಳುವಿನ ಚರ್ಮ ತೂತು ಮಾಡುವಷ್ಟು ಖಾರದ ಪ್ರೋಟೀನುಗಳಿವೆ. ಶ್ವಾಸನಾಳದಲ್ಲಿ ಹುಳು ಇಲ್ಲ. ಇರುವುದು ನಮ್ಮದೇ ಗೋಡೆ. ಕಾಳು ಸಿಡಿದರೆ ಸುಡುವುದು ಅದನ್ನೇ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟರೆ ಗೂಡೂ ಉಳಿಯುವುದಿಲ್ಲ.

ಹಳೇ ಉಬ್ಬಸದವರ ಕಫವನ್ನು ನೋಡಿದಾಗ ಕೆಲವು ಸಲ ಎರಡು ತುದಿ ಚೂಪಾದ, ಗಾಜಿನಂಥ ಸೂಜಿಗಳು ಕಾಣುತ್ತವೆ. ಶಾರ್ಕೋ-ಲೈಡನ್ ಹರಳು ಅಂತಾರೆ. ಸತ್ತ ಈಸಿನೊಫಿಲ್‌ಗಳ ಪ್ರೋಟೀನ್ ಗಟ್ಟಿಯಾಗಿ ಆದವು. ಬರೀ ಅವಶೇಷ ಅಂತ ಬಹಳ ಕಾಲ ಅಂದುಕೊಂಡಿದ್ದರು. ಆ ಹರಳುಗಳೇ ಮತ್ತೆ ಉರಿಯೂತ ಎಬ್ಬಿಸುತ್ತವೆ ಅಂತ 2019ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿತು. ನಾನು ಮೊದಲ ಸಲ ಅವನ್ನು ನೋಡಿದ್ದು ಒಬ್ಬ ಹುಣಸೆಹಣ್ಣು ಕುಟ್ಟುವ ಅಮ್ಮನ ಕಫದಲ್ಲಿ. ಇಷ್ಟು ಚೂಪಾದ್ದನ್ನು ಎದೆಯಲ್ಲಿ ಇಟ್ಟುಕೊಂಡು ದಿನವಿಡೀ ಕೆಲಸ ಮಾಡುತ್ತಿದ್ದಾರಲ್ಲ ಅಂತ ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ.

ಅಕ್ಕಾ, ಮಧ್ಯರಾತ್ರಿ ನೀಲಿ ಪಂಪು ಯಾಕೆ ಅಷ್ಟಾಗಿ ಕೇಳಲಿಲ್ಲ ಅಂತ ಈಗ ಗೊತ್ತಾಗುತ್ತದೆ ಅಲ್ವಾ? ಆಗ ಇದ್ದದ್ದು ಬರೀ ಸ್ನಾಯುವಿನ ಬಿಗಿತ ಅಲ್ಲ. ಗೋಡೆ ಊದಿಕೊಂಡಿತ್ತು, ಒಳಗೆ ಅಂಟಾದ ಕಫ. ಜೊತೆಗೆ ನಡುರಾತ್ರಿ ನಮ್ಮ ಮೈಯ ಸ್ವಂತ ಸ್ಟೆರಾಯ್ಡ್ ಆದ ಕಾರ್ಟಿಸಾಲ್ ತೀರಾ ಕೆಳಗಿರುತ್ತದೆ. ಉಬ್ಬಸ ರಾತ್ರಿಯೇ ಜಾಸ್ತಿ ಕಾಡುವುದಕ್ಕೆ ಅದೂ ಒಂದು ಕಾರಣ.

ಕಂದು ಪಂಪಿನಲ್ಲಿ ಇರುವುದು ಹೆಚ್ಚಾಗಿ ಬುಡೆಸೊನೈಡ್‌ನಂಥ ಸ್ಟೆರಾಯ್ಡ್, ಅದೂ ಮೈಕ್ರೋಗ್ರಾಂ ಲೆಕ್ಕದಲ್ಲಿ. ಅದು ಕಣದ ಒಳಗೆ ಹೋಗಿ, ಬೀಜಕ್ಕೇ ನುಗ್ಗಿ, ಈ ಓಲೆಗಳನ್ನು ಬರೆಯುವ ಜೀನ್‌ಗಳನ್ನು ಅಡಗಿಸುತ್ತದೆ. ಓಲೆ ಬರೆಯದಿದ್ದರೆ ಈಸಿನೊಫಿಲ್ ಬರುವುದಿಲ್ಲ. ಇದು ನಿಮಿಷದಲ್ಲಿ ಆಗುವ ಕೆಲಸ ಅಲ್ಲ, ದಿನಗಳು, ವಾರಗಳು ಬೇಕು. ಮಗು ಚೆನ್ನಾಗಿದೆ ಅಂತ ಬಿಟ್ಟರೆ ಓಲೆ ಮತ್ತೆ ಶುರು. ನಿಮ್ಮ ಅತ್ತೆಗೆ ಹೇಳಿ, ಇದು ಬೂದಿ ಮುಚ್ಚಿದ ಕೆಂಡ. ಮೇಲೆ ಕೈ ಇಟ್ಟರೆ ಬಿಸಿ ಗೊತ್ತಾಗುವುದಿಲ್ಲ, ಗಾಳಿ ಬೀಸಲಿ ನೋಡಿ.

ತಿಪಟೂರು_ಕೊಬ್ಬರಿ · ಸೋಮವಾರ, ರಾತ್ರಿ 10:30

ನನಗೆ ಒಪ್ಪಿಗೆ ಆಗುತ್ತಿಲ್ಲ. ಸ್ಟೆರಾಯ್ಡ್ ಅಂದರೆ ಸ್ಟೆರಾಯ್ಡೇ. ನನ್ನ ತಮ್ಮನ ಮಗಳಿಗೆ ಒಂದು ಕ್ಲಿನಿಕ್‌ನಲ್ಲಿ ಉಬ್ಬಸ ಬಂದಾಗಲೆಲ್ಲ ಮಾತ್ರೆ, ಇಂಜೆಕ್ಷನ್ ಕೊಟ್ಟು ಕೊಟ್ಟು ಮುಖ ಊದಿ ಹೋಯಿತು. ಮಕ್ಕಳ ಎತ್ತರ ಕುಗ್ಗುತ್ತದೆ ಅಂತಲೂ ಕೇಳಿದ್ದೇನೆ. ದಿನಾ ಕೊಡಿ ಅನ್ನುವುದು ಸುಲಭ.

ಚಿಂತಾಮಣಿ_ಎಂಎಸ್ಸಿ · ಸೋಮವಾರ, ರಾತ್ರಿ 11:05

ಅಣ್ಣಾ, ನಿಮ್ಮ ಭಯ ಸುಳ್ಳಲ್ಲ, ಹಾಗಾಗಿ ಸರಿಯಾಗಿ ಉತ್ತರ ಕೊಡಬೇಕು. ಎತ್ತರದ ವಿಷಯ ನಿಜ. ಅಮೆರಿಕದಲ್ಲಿ ಪಂಪು ತೆಗೆದುಕೊಂಡ ಮಕ್ಕಳನ್ನು ದೊಡ್ಡವರಾಗುವವರೆಗೆ ನೋಡಿದರು. ಬುಡೆಸೊನೈಡ್ ತೆಗೆದುಕೊಂಡವರು ಔಷಧಿಯಿಲ್ಲದ ಪಂಪಿನವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಎತ್ತರ. 2012ರಲ್ಲಿ ಇದು ಪ್ರಕಟವಾಯಿತು. ಅಂದರೆ ಒಂದು ಬೆರಳಿನ ಅಗಲಕ್ಕಿಂತ ಕಡಿಮೆ.

ಮಾತ್ರೆ, ಇಂಜೆಕ್ಷನ್ ಮಿಲಿಗ್ರಾಂ ಲೆಕ್ಕ, ಇಡೀ ಮೈಗೆ ಹೋಗುತ್ತದೆ. ಮುಖ ಊದುವುದು ಅದರಿಂದ. ಪಂಪು ನೇರ ಎದೆಗೆ, ಮೈಕ್ರೋಗ್ರಾಂ. ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲು ಅದು. ನಿಮ್ಮ ತಮ್ಮನ ಮಗಳಿಗೆ ದಿನಾ ಸಣ್ಣ ಪಂಪು ಇದ್ದಿದ್ದರೆ ಅಷ್ಟು ಸಲ ಮಾತ್ರೆ, ಇಂಜೆಕ್ಷನ್ ಬೇಕಾಗುತ್ತಿರಲಿಲ್ಲವೇನೋ. ಬರೀ ನೀಲಿ ಪಂಪಿನ ಮೇಲೆ ನಿಂತರೆ ಒಳಗಿನ ಉರಿಯೂತ ಹಾಗೇ ಉಳಿಯುತ್ತದೆ, ಜೀವಕ್ಕೇ ಅಪಾಯ ಆಗಬಹುದು. ದೊಡ್ಡವರಿಗೆ, ಹದಿಹರೆಯದವರಿಗೆ ಬರೀ ಸಾಲ್ಬುಟಮಾಲ್ ಕೊಡಬೇಡಿ ಅಂತ ಜಾಗತಿಕ ಆಸ್ತಮಾ ಮಾರ್ಗಸೂಚಿಯೇ 2019ರಲ್ಲಿ ಹೇಳಿತು.

ತಿಪಟೂರು_ಕೊಬ್ಬರಿ · ಮಂಗಳವಾರ, ಬೆಳಗ್ಗೆ 7:00

1.2 ಸೆಂಟಿಮೀಟರ್ ಅಂತ ಯಾರೂ ಹೀಗೆ ಲೆಕ್ಕ ಕೊಟ್ಟು ಹೇಳಿರಲಿಲ್ಲ ತಂಗಿ. ತಮ್ಮನಿಗೆ ಇದನ್ನು ಕಳಿಸುತ್ತೇನೆ.

ಅವರೆ_ಸೊಗಡು_ಶ್ರೀನಿವಾಸಪುರ · ಮಂಗಳವಾರ, ಬೆಳಗ್ಗೆ 9:20

ನನಗೆ ಡಾಕ್ಟರ್ ಮಾಂಟೆಲುಕಾಸ್ಟ್ ಮಾತ್ರೆಯನ್ನೂ ಕೊಟ್ಟಿದ್ದಾರೆ. ಸೀನಿನ ಮಾತ್ರೆ ಬೇರೆ ಇದೆಯಲ್ಲ, ಲಿವೋಸಿಟ್ರಿಜಿನ್, ಅದು ಯಾಕೆ ಎದೆಗೆ ಸಾಲುವುದಿಲ್ಲ?

ಚಿಂತಾಮಣಿ_ಎಂಎಸ್ಸಿ · ಮಂಗಳವಾರ, ಬೆಳಗ್ಗೆ 10:40

ಲಿವೋಸಿಟ್ರಿಜಿನ್ ಹಿಸ್ಟಮಿನ್ ಕೂರುವ ಜಾಗವನ್ನು ಮುಚ್ಚುತ್ತದೆ, ಅಷ್ಟೇ. ಮೂಗಿಗೆ ಸಾಕು. ಎದೆಯಲ್ಲಿ ನಾಳ ಬಿಗಿಯುವ ಕೆಲಸವನ್ನು ಹಿಸ್ಟಮಿನ್‌ಗಿಂತ ಎಷ್ಟೋ ಪಟ್ಟು ಜೋರಾಗಿ ಮಾಡುವುದು ಲ್ಯೂಕೋಟ್ರೈನ್. ಮಾಂಟೆಲುಕಾಸ್ಟ್ ಅದರ ಜಾಗವನ್ನು ಮುಚ್ಚುತ್ತದೆ. ಆದರೆ ಈ ಮಾತ್ರೆ ತೆಗೆದುಕೊಳ್ಳುವಾಗ ಕೆಟ್ಟ ಕನಸು, ಸಿಡುಕು, ಮನಸ್ಸು ಕುಗ್ಗುವುದು ಕಂಡರೆ ಡಾಕ್ಟರಿಗೆ ಹೇಳಲೇಬೇಕು. ಅಮೆರಿಕದ ಔಷಧ ಸಂಸ್ಥೆ 2020ರಲ್ಲಿ ಇದಕ್ಕೆ ಗಟ್ಟಿ ಎಚ್ಚರಿಕೆ ಹಾಕಿಸಿದೆ.

ಈಗ ಒಂದೊಂದು ಸಂದೇಶವನ್ನೇ ಹಿಡಿದು ತಡೆಯುವ ಇಂಜೆಕ್ಷನ್‌ಗಳು ಬಂದಿವೆ. ಐಜಿಇ ಹಿಡಿಯುವ ಒಮಾಲಿಜುಮ್ಯಾಬ್ 2003ರಲ್ಲಿ, ಐಎಲ್-5 ಹಿಡಿಯುವ ಮೆಪೊಲಿಜುಮ್ಯಾಬ್ 2015ರಲ್ಲಿ, ಗೋಡೆಯ ಕೂಗನ್ನೇ, ಅಂದರೆ ಟಿಎಸ್‌ಎಲ್‌ಪಿಯನ್ನೇ, ಹಿಡಿಯುವ ಟೆಜೆಪೆಲುಮ್ಯಾಬ್ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಬೆಲೆ ಬಹಳ, ಬೇಕಾಗುವುದು ಪಂಪಿಗೂ ಬಗ್ಗದ ಕೆಲವರಿಗೆ ಮಾತ್ರ. ನನಗೆ ಹಿಡಿಸಿದ್ದು ಮೆಪೊಲಿಜುಮ್ಯಾಬ್ ಕಥೆ. ಮೊದಮೊದಲು ಉಬ್ಬಸ ಇರುವ ಎಲ್ಲರಿಗೂ ಕೊಟ್ಟು ನೋಡಿದರು, ಫಲ ಕಾಣಲಿಲ್ಲ. ಆಮೇಲೆ ಈಸಿನೊಫಿಲ್ ಜಾಸ್ತಿ ಇದ್ದು ಮತ್ತೆ ಮತ್ತೆ ಉಬ್ಬಸ ಏಳುವವರನ್ನು ಆರಿಸಿ ಕೊಟ್ಟರು, ಉಬ್ಬಸ ಏಳುವುದು ಕಡಿಮೆಯಾಯಿತು. ಅದು 2009. ಹೊರಗೆ ಒಂದೇ ಥರ ಗುಯ್ ಅಂದರೂ ಒಳಗಿನ ಮಾತುಕತೆ ಒಬ್ಬೊಬ್ಬರಲ್ಲಿ ಬೇರೆ. ಅದಕ್ಕೇ ಶಿಡ್ಲಘಟ್ಟದ ಅಕ್ಕನ ರಿಪೋರ್ಟಿನ ಆ 9% ಸುಮ್ನೆ ಬರೆದದ್ದಲ್ಲ.

ಹಿಪ್ಪುನೇರಳೆ_ಶಿಡ್ಲಘಟ್ಟ · ಮಂಗಳವಾರ, ರಾತ್ರಿ 8:45

ಇವತ್ತು ಊಟ ಆದ ಮೇಲೆ ಅತ್ತೆಗೆ ಎಲ್ಲ ಓದಿ ಹೇಳಿದೆ. ಓಲೆ, ಕೆಂಡ ಎರಡೂ ಅವರಿಗೆ ಹಿಡಿಸಿತು. ಆಮೇಲೆ ಒಂದು ಮಾತು ಕೇಳಿದರು, ನನಗೂ ಗಂಟಲು ಕಟ್ಟಿತು: "ಹಂಗಾರೆ ಹುಳ ಸಾಕೋದು ಬಿಡ್ಬೇಕಾ?" ಬೇರೆ ಬೆಳೆ ನಮಗೆ ಗೊತ್ತಿಲ್ಲ. ಕೊಳವೆಬಾವಿಯ ಇಷ್ಟು ನೀರಿಗೆ ತಿಂಗಳು ತಿಂಗಳು ಕೈಗೆ ಕಾಸು ಕೊಡುವುದು ಹುಳುವೇ.

ಮಾಲೂರು_ಮೇಷ್ಟ್ರು · ಬುಧವಾರ, ಬೆಳಗ್ಗೆ 6:00

ಬಿಡುವ ಮಾತು ಈಗಲೇ ಬೇಡ ತಾಯಿ. ಮೊದಲು ಯಾವುದರಿಂದ ಅಂತ ಗೊತ್ತಾಗಲಿ. ಚರ್ಮ ಚುಚ್ಚಿ ನೋಡುವ ಪರೀಕ್ಷೆ ಇದೆ. ಮಾಸ್ಟ್ ಕಣ ಐಜಿಇಯನ್ನು ವಾರಗಟ್ಟಲೆ ಹಿಡಿದುಕೊಂಡಿರುತ್ತದೆ, ಆದ್ದರಿಂದಲೇ ತೋಳಿನ ಮೇಲೆ ಒಂದು ಹನಿ ಇಟ್ಟು ಚುಚ್ಚಿದರೆ ಕಾಲು ಗಂಟೆಯಲ್ಲಿ ಗುಳ್ಳೆ ಏಳುತ್ತದೆ. ಧೂಳುಹುಳ, ಜಿರಳೆ, ಕಾಂಗ್ರೆಸ್ ಗಿಡದ ಪರಾಗ ಎಲ್ಲವನ್ನೂ ನೋಡುತ್ತಾರೆ. ಜಿರಳೆ ಮತ್ತು ರೇಷ್ಮೆಹುಳುವಿನಲ್ಲಿ ಅರ್ಜಿನೈನ್ ಕೈನೇಸ್ ಅನ್ನುವ ಪ್ರೋಟೀನ್ ಹೆಚ್ಚುಕಡಿಮೆ ಒಂದೇ ಥರ. ಒಂದಕ್ಕೆ ತಯಾರಾದ ಐಜಿಇ ಇನ್ನೊಂದನ್ನೂ ಹಿಡಿಯಬಹುದು. ಅಡುಗೆಮನೆ ಜಿರಳೆ ಓಡಿಸುವುದೂ ಚಿಕಿತ್ಸೆಯ ಭಾಗವೇ ಆಗಬಹುದು!

ರೇಷ್ಮೆ ಕೆಲಸದವರಿಗೆ ಉಬ್ಬಸ ಬರುವುದನ್ನು 1980ರ ದಶಕದಲ್ಲೇ ನಮ್ಮ ರಾಜ್ಯದ ಫಿಲೇಚರ್‌ಗಳಲ್ಲಿ, ಅಂದರೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆಗಳಲ್ಲಿ, ವಿಜ್ಞಾನಿಗಳು ಪರೀಕ್ಷಿಸಿ ಬರೆದಿದ್ದಾರೆ. ಶಿಡ್ಲಘಟ್ಟದಲ್ಲಿ ಬಿಚ್ಚಾಣಿಕೆ ಮಾಡುವ ಎಷ್ಟು ಮನೆಗಳಲ್ಲಿ ಇದನ್ನು "ಹಬೆ ಕೆಮ್ಮು" ಅಂತ ಬಿಟ್ಟಿದ್ದಾರೋ ಅಂತ ನನಗೆ ಸಂಕಟ. ಹುಳು ಸಾಕುವವರ, ನೂಲು ಬಿಚ್ಚುವವರ ಎದೆಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಬೇಕು. ಗೂಡಿನ ಗುಣಮಟ್ಟ ನೋಡುವಷ್ಟೇ ಶ್ರದ್ಧೆಯಿಂದ ಮಾಡಬೇಕು.

ಲ್ಯಾಬ್_ತುಮಕೂರು · ಬುಧವಾರ, ರಾತ್ರಿ 9:30

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಪರೀಕ್ಷೆ ಆಗುವವರೆಗೆ ಅಕ್ಕಾ, ಗೂಡು ಬಿಡಿಸುವ ದಿನ ಮಗು ಅಲ್ಲಿ ಬೇಡ. ಬಿಡಿಸಿದವರು ಸ್ನಾನ ಮಾಡಿ, ಬಟ್ಟೆ ಬದಲಿಸಿ ಒಳಗೆ ಬರಲಿ. ಹುಳುಮನೆಯಿಂದ ಮನೆಗೆ ತೆರೆಯುವ ಬಾಗಿಲು ಇದ್ದರೆ ಮುಚ್ಚಿಬಿಡಿ. ಹುಳುಮನೆಗೆ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಹಾಕುವ ದಿನವೂ ಅಷ್ಟೇ. ಅದು ಅಲರ್ಜಿ ಅಲ್ಲ, ಆದರೆ ಗೋಡೆಯನ್ನು ನೋಯಿಸುತ್ತದೆ, ನೊಂದ ಗೋಡೆ ಕೂಗುತ್ತದೆ. ದಿಂಬಿನ ಕವರ್, ಹೊದಿಕೆ ವಾರಕ್ಕೊಮ್ಮೆ ಕೈ ಸುಡುವಷ್ಟು ಬಿಸಿನೀರಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ.

ಪಂಪನ್ನು ಸ್ಪೇಸರ್ ಹಾಕಿಯೇ ಕೊಡುತ್ತಿದ್ದೀರಾ? ಆ ಪ್ಲಾಸ್ಟಿಕ್ ಡಬ್ಬಿ ಇಲ್ಲದಿದ್ದರೆ ಮಕ್ಕಳಲ್ಲಿ ಔಷಧಿ ಜಾಸ್ತಿ ಗಂಟಲಲ್ಲೇ ಉಳಿಯುತ್ತದೆ. ಕಂದು ಪಂಪು ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಸಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬೂಷ್ಟು ಹಿಡಿಯುತ್ತದೆ.

ಹಿಪ್ಪುನೇರಳೆ_ಶಿಡ್ಲಘಟ್ಟ · ಐದು ವಾರದ ನಂತರ, ಶನಿವಾರ, ರಾತ್ರಿ 10:10

ಮತ್ತೆ ಬರೆಯುತ್ತಿದ್ದೇನೆ. ಚುಚ್ಚಿ ನೋಡುವ ಪರೀಕ್ಷೆ ಮಾಡಿಸಿದೆವು. ಧೂಳುಹುಳಕ್ಕೆ ದೊಡ್ಡ ಗುಳ್ಳೆ, ಜಿರಳೆಗೆ ಮಧ್ಯಮ. ರೇಷ್ಮೆಯದ್ದು ಅವರ ಪೆಟ್ಟಿಗೆಯಲ್ಲಿ ಇರಲಿಲ್ಲ. ಆದರೆ ನಾವು ಹೇಳಿದ್ದನ್ನು ಕೇಳಿ ಡಾಕ್ಟರ್ ಅದನ್ನೂ ಚೀಟಿಯಲ್ಲಿ ಬರೆದುಕೊಂಡರು. ಜಂತುಹುಳು ಮಾತ್ರೆಯೂ ಆಯಿತು. ಕಂದು ಪಂಪು ಸ್ಪೇಸರ್ ಹಾಕಿ ದಿನಾ ಎರಡು ಹೊತ್ತು. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಅಳೆಯುವ ಊದುವ ಮೀಟರ್ ಒಂದು ಕೊಂಡುಕೊಂಡೆವು. ಮೊದಲ ವಾರ 160, 170 ತೋರಿಸುತ್ತಿತ್ತು. ಈ ವಾರ 230. ಅದನ್ನು ಅವನೇ ಕ್ಯಾಲೆಂಡರಿನ ಮೇಲೆ ಬರೆಯುತ್ತಾನೆ.

ಹುಳುಮನೆ ಕಡೆಯ ಬಾಗಿಲಿಗೆ ನಮ್ಮ ಯಜಮಾನರು ಇಟ್ಟಿಗೆ ಇಟ್ಟು ಗೋಡೆ ಎತ್ತಿದರು. ಈಗ ಅಂಗಳ ಸುತ್ತಿ ಹೋಗಬೇಕು. ಮೊನ್ನೆ ಈ ಬೆಳೆಯ ಗೂಡು ಬಿಡಿಸಿದೆವು. ಮಗು ಅಂಗಳದ ಆಚೆ ಬೇವಿನ ಮರದ ಕೆಳಗೆ ಕೂತು, ಮೂಟೆಯ ತೂಕ ಕೂಗಿ ಹೇಳಿದರೆ ಬರೆದುಕೊಳ್ಳುವ ಕೆಲಸ ಮಾಡಿದ. ಅತ್ತೆ ಕೈ ತೊಳೆಯದೆ ಅವನ ಹತ್ತಿರ ಹೋಗಲೇ ಇಲ್ಲ.

ಆ ರಾತ್ರಿ ನಾನು ಹನ್ನೆರಡೂವರೆಗೆ ತಾನಾಗೇ ಎದ್ದೆ. ಲೈಟ್ ಹಾಕದೆ ಅವನ ಎದೆಯ ಹತ್ತಿರ ಕಿವಿ ಇಟ್ಟು ಕೂತಿದ್ದೆ. ಉಸಿರು ಬಂದು ಹೋಗುವುದು ಬಿಟ್ಟರೆ ಬೇರೆ ಸದ್ದು ಇರಲಿಲ್ಲ. ಒಂದೂವರೆವರೆಗೂ ಕೇಳಿದೆ.